ಮಲೇರಿಯಾ ಟೈಫಾಯ್ಡ್‌ಗೆ ‘ತಿರುಗುತ್ತಾ’? ನೊಬೆಲ್ ಪಡೆದ ರೊನಾಲ್ಡ್ ರಾಸ್ ಎಡವಿದ್ದೂ ಇಲ್ಲೇ

ಮಳೆ ಶುರುವಾಗಿ ಹದಿನೈದು ದಿನ ಆಗುವಷ್ಟರಲ್ಲಿ ತುಮಕೂರಿನ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡತೊಡಗುತ್ತದೆ. ನಿಮಗೂ ಬಂದಿರಬಹುದು. ಜ್ವರವನ್ನು ಮೂರು ದಿನ ಹಾಗೇ ಬಿಟ್ಟರೆ ಮಲೇರಿಯಾಕ್ಕೆ ತಿರುಗುತ್ತದೆ, ಮಲೇರಿಯಾ ಬಿಟ್ಟರೆ ಟೈಫಾಯ್ಡ್‌ಗೆ, ಟೈಫಾಯ್ಡ್ ಬಿಟ್ಟರೆ ಡೆಂಗಿಗೆ ತಿರುಗುತ್ತದೆ ಎನ್ನುವುದು ಅದರ ಸಾರ. ಕೆಳಗೆ ಕೈಮುಗಿದ ಇಮೋಜಿ, ಹತ್ತು ಜನಕ್ಕೆ ಕಳಿಸಿ ಎನ್ನುವ ವಿನಂತಿ.

ನಮ್ಮ ತಂಡದಲ್ಲಿ ಒಬ್ಬರ ಸೋದರತ್ತೆ ಕುಣಿಗಲ್‌ನವರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಎರಡನೇ ದಿನವೇ ರಕ್ತ ಪರೀಕ್ಷೆ ಮಾಡಿಸಿದರು, ಟೈಫಾಯ್ಡ್ ಎಂದು ರಿಪೋರ್ಟ್ ಬಂತು, ಅದಕ್ಕೇ ಮಾತ್ರೆ ಶುರುವಾಯಿತು. ಮೈಕೈ ನೋವಿಗೆ ಮನೆಯಲ್ಲಿದ್ದ ನೋವಿನ ಮಾತ್ರೆಯನ್ನೂ ನುಂಗಿದರು. ಆರನೇ ದಿನ ಒಸಡಿನಲ್ಲಿ ರಕ್ತ. ತುಮಕೂರಿಗೆ ಕರೆತಂದಾಗ ಡೆಂಗಿ ಎಂದು ಗೊತ್ತಾಯಿತು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು, ಈಗ ಚೆನ್ನಾಗಿದ್ದಾರೆ. ಆದರೆ ನೋಡಲು ಬಂದ ನೆಂಟರೆಲ್ಲ ಒಮ್ಮತದಿಂದ ತೀರ್ಪು ಕೊಟ್ಟಾಗಿತ್ತು: ಟೈಫಾಯ್ಡ್ ಡೆಂಗಿಗೆ ತಿರುಗಿತು.

ತಿರುಗಿರಲಿಲ್ಲ. ಮೊದಲ ದಿನದಿಂದಲೂ ಅದು ಡೆಂಗಿಯೇ ಆಗಿತ್ತು. ಹಾಗಂತ ನೆಂಟರನ್ನು ನೋಡಿ ನಗುವ ಮೊದಲು ಒಬ್ಬರ ಕಥೆ ಹೇಳಬೇಕು. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟ ಮನುಷ್ಯನೇ ಒಂದು ಕಾಯಿಲೆಯನ್ನು ನೋಡಿ ಇದು ಇನ್ನೊಂದರ ಮುಂದುವರಿದ ರೂಪ ಎಂದು ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಅವರ ಸೊಳ್ಳೆ ಕಥೆಯ ಮೊದಲ ಅಧ್ಯಾಯ ನಡೆದದ್ದು ತುಮಕೂರಿನಿಂದ 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ.

ಮನಸ್ಸಿಲ್ಲದ ಡಾಕ್ಟರ್

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ಮೀರತ್‌ನಲ್ಲಿ ಸಿಪಾಯಿ ದಂಗೆ ಎದ್ದು ಆಗಷ್ಟೇ ಮೂರು ದಿನವಾಗಿತ್ತು. ತಂದೆ ಬ್ರಿಟಿಷರ ಭಾರತೀಯ ಸೇನೆಯಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೇ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಕಳಿಸಿದರು.

ಹುಡುಗನಿಗೆ ಇಷ್ಟವಿದ್ದದ್ದು ಕವಿತೆ, ಸಂಗೀತ, ಚಿತ್ರ, ಗಣಿತ. ಅಪ್ಪ ಹಟ ಹಿಡಿದು ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯಕೀಯ ಕಾಲೇಜಿಗೆ ಸೇರಿಸಿದರು. ಅಲ್ಲಿ ಓದಿಗಿಂತ ಪದ್ಯ ಬರೆದದ್ದೇ ಹೆಚ್ಚು. ಒಂದು ಪರೀಕ್ಷೆಯಲ್ಲಿ ಫೇಲಾದರು, ಕೆಲಕಾಲ ಹಡಗಿನಲ್ಲಿ ಡಾಕ್ಟರ್ ಆಗಿ ದುಡಿದರು. ಅಂತೂ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದರು. ಮುಂದೆ ನೊಬೆಲ್ ಬಂದ ಮೇಲೂ ಕಾದಂಬರಿ, ಕವಿತೆ ಬರೆಯುವುದನ್ನು ಬಿಡಲಿಲ್ಲ. ಇಂಜಿನಿಯರಿಂಗ್ ಸೀಟಿಗಾಗಿ ಮನೆಯಲ್ಲಿ ಜಗಳವಾದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬೆಂಗಳೂರಿನ ನೀರಿನ ಪೀಪಾಯಿ

1883ರಲ್ಲಿ ಬೆಂಗಳೂರು ದಂಡಿನಲ್ಲಿ ರಾಸ್‌ಗೆ ತಾತ್ಕಾಲಿಕವಾಗಿ ಸರ್ಜನ್ ಹುದ್ದೆ ಸಿಕ್ಕಿತು. ಇರಲು ಒಳ್ಳೆಯ ಬಂಗಲೆ, ಆದರೆ ಸೊಳ್ಳೆ ಕಾಟ ವಿಪರೀತ. ಅಕ್ಕಪಕ್ಕದ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲೇ ಯಾಕೆ ಇಷ್ಟು ಎಂದು ನೋಡಿದರೆ ಕಿಟಕಿಯ ಹೊರಗೆ ಒಂದು ನೀರಿನ ಪೀಪಾಯಿ. ಅದರ ತುಂಬ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಪೀಪಾಯಿ ಮಗುಚಿಸಿದರು, ಕಾಟ ತಟ್ಟನೆ ಇಳಿಯಿತು.

ಹೊಸ ಉತ್ಸಾಹದಲ್ಲಿ ದಂಡಿನ ಅಧಿಕಾರಿಯೊಬ್ಬರ ಹತ್ತಿರ ಹೋಗಿ, ಮೆಸ್‌ನಲ್ಲಿರುವ ತೊಟ್ಟಿ, ಹೂದಾನಿ, ಡಬ್ಬಗಳ ನೀರನ್ನೂ ಚೆಲ್ಲಿಸೋಣ ಎಂದರು. ಆ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳನ್ನು ದೇವರು ಯಾವುದೋ ಉದ್ದೇಶಕ್ಕೇ ಸೃಷ್ಟಿಸಿರಬೇಕು, ಸಹಿಸಿಕೊಳ್ಳುವುದೇ ನಮ್ಮ ಕೆಲಸ ಎಂಬ ಧಾಟಿಯಲ್ಲಿ ಮಾತು ಮುಗಿಸಿದರು. ರಾಸ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಸಿಟ್ಟಿನಿಂದಲೇ ಬರೆದುಕೊಂಡಿದ್ದಾರೆ. ಆಗ ಸೊಳ್ಳೆ ಕಾಯಿಲೆ ತರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಅದು ಬರೀ ನಿದ್ದೆಯ ಪ್ರಶ್ನೆಯಾಗಿತ್ತು.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ರಾಸ್ ಪೀಪಾಯಿ ಮಗುಚಿ 141 ವರ್ಷ ಕಳೆದಿತ್ತು.

ನೀರೋ, ಗಾಳಿಯೋ, ಸೊಳ್ಳೆಯೋ

ಮಲೇರಿಯಾ ಎಂಬ ಹೆಸರಿಗೆ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ ಎಂದರ್ಥ. ಜೌಗು ನೆಲದ ಗಾಳಿಯಿಂದ ಚಳಿಜ್ವರ ಬರುತ್ತದೆ ಎಂದೇ ಜನ ನಂಬಿದ್ದರು. 1880ರಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಮಲೇರಿಯಾದ ಪರಾವಲಂಬಿ ಜೀವಿಯನ್ನು ಕಂಡರು. ರಾಸ್ ಅದನ್ನು ಬಹಳ ದಿನ ನಂಬಲಿಲ್ಲ. 1894ರಲ್ಲಿ ರಜೆ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆಯೇ ನಂಬಿದ್ದು. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆ ಎಂದು ಮೊದಲೇ ತೋರಿಸಿದ್ದವರು ಮ್ಯಾನ್ಸನ್. ಮಲೇರಿಯಾವೂ ಹಾಗೇ ಇರಬಹುದೆಂಬ ಊಹೆ ಅವರದು. ಆದರೆ ಅವರ ಲೆಕ್ಕದಲ್ಲಿ ರಕ್ತ ಹೀರಿದ ಸೊಳ್ಳೆ ನೀರಿಗೆ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ಕಾಯಿಲೆ ಬರುತ್ತದೆ.

1895ರಲ್ಲಿ ಸಿಕಂದರಾಬಾದಿಗೆ ಮರಳಿದ ರಾಸ್, ಸೊಳ್ಳೆ ಸತ್ತ ನೀರನ್ನು ಒಪ್ಪಿದ ಕೆಲವರಿಗೆ ಕುಡಿಸಿಯೂ ನೋಡಿದರು. ಇವತ್ತು ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. ಸ್ಪಷ್ಟವಾದ ಉತ್ತರವೂ ಸಿಗಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಎದ್ದಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಾಸ್ ಅವರನ್ನು ನೈರ್ಮಲ್ಯದ ಕೆಲಸಕ್ಕೆಂದು ಇಲ್ಲಿಗೆ ಕಳಿಸಿದರು. ಮಲೇರಿಯಾ ಕೆಲಸ ಅರ್ಧಕ್ಕೆ ನಿಂತಿತೆಂದು ಅವರಿಗೆ ಬೇಸರ. ನಮಗೆ ಮಾತ್ರ ಅವರ ಬದುಕಿನ ಈ ಭಾಗವೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಒಂದೇ ಊರು, ಒಂದೇ ಮಳೆ. ಕಾಲರಾ ಕುಡಿಯುವ ನೀರಿನಿಂದ, ಚಳಿಜ್ವರ ನಿಂತ ನೀರಿನ ಸೊಳ್ಳೆಯಿಂದ, ಜೊತೆಗೆ ಟೈಫಾಯ್ಡ್. ಮೂರಕ್ಕೂ ನೀರಿನ ನಂಟಿದೆ, ಆದರೆ ಎಲ್ಲವೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಕಾಲರಾ ನೀರಲ್ಲಿ ಬರುವುದನ್ನು ದಿನಾ ನೋಡುತ್ತಿದ್ದ ಕಾಲದ ವೈದ್ಯರಿಗೆ ಮಲೇರಿಯಾವೂ ಕುಡಿಯುವ ನೀರಲ್ಲೇ ಬರುತ್ತದೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅಂದಹಾಗೆ, ರಾಸ್ ಬೆಂಗಳೂರಿನಲ್ಲಿದ್ದ 1896ರಲ್ಲೇ ಪ್ಯಾರಿಸ್‌ನಲ್ಲಿ ವೈಡಾಲ್ ಎಂಬ ವೈದ್ಯರು ಟೈಫಾಯ್ಡ್‌ಗೆ ಒಂದು ರಕ್ತ ಪರೀಕ್ಷೆ ಪ್ರಕಟಿಸಿದರು. ಕುಣಿಗಲ್‌ನ ಅತ್ತೆಗೆ ಮಾಡಿದ್ದು ಅದೇ ಪರೀಕ್ಷೆ. ಅದರ ಮಾತು ಆಮೇಲೆ.

ಮೂರು ಸೊಳ್ಳೆ, ಒಂದೇ ಕೋಣೆ

1897ರಲ್ಲಿ ಊಟಿ ಕಡೆ ಹೋಗಿದ್ದಾಗ ರಾಸ್‌ಗೇ ಮಲೇರಿಯಾ ಬಂತು. ಚೇತರಿಸಿಕೊಂಡು ಜೂನ್‌ನಲ್ಲಿ ಮತ್ತೆ ಸಿಕಂದರಾಬಾದಿಗೆ ಹೋದರು. ಬೇಗಂಪೇಟೆಯ ಪುಟ್ಟ ಆಸ್ಪತ್ರೆ, ಉರಿಬಿಸಿಲು. ಬೆವರಿಗೆ ಸೂಕ್ಷ್ಮದರ್ಶಕದ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಪಂಖಾ ಹಾಕಿಸುವಂತಿರಲಿಲ್ಲ.

ಎರಡು ವರ್ಷ ಅವರು ತಪ್ಪು ಸೊಳ್ಳೆಗಳನ್ನೇ ಸೀಳುತ್ತಿದ್ದರು. ಅವರಿಗೆ ಸೊಳ್ಳೆಗಳ ವೈಜ್ಞಾನಿಕ ಹೆಸರು ಗೊತ್ತಿರಲಿಲ್ಲ, ತಾವೇ ಹೆಸರಿಟ್ಟುಕೊಂಡಿದ್ದರು. ಬೂದು ಬಣ್ಣದ್ದು, ಮೈಮೇಲೆ ಪಟ್ಟೆ ಇರುವುದು, ರೆಕ್ಕೆಯಲ್ಲಿ ಚುಕ್ಕೆ ಇರುವುದು. ಬೂದು ಸೊಳ್ಳೆ ಎಂದರೆ ಇವತ್ತಿನ ಕ್ಯೂಲೆಕ್ಸ್, ಚರಂಡಿಯಲ್ಲಿ ಬೆಳೆಯುವುದು. ಪಟ್ಟೆಯದು ಈಡಿಸ್, ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವುದು. ಚುಕ್ಕೆ ರೆಕ್ಕೆಯದು ಅನಾಫಿಲಿಸ್. ಮೂರೂ ಒಂದೇ ಆಸ್ಪತ್ರೆಯ ಗೋಡೆ ಮೇಲೆ ಕೂರುತ್ತಿದ್ದವು, ಒಂದೇ ರೋಗಿಯನ್ನು ಕಚ್ಚುತ್ತಿದ್ದವು. ಮಲೇರಿಯಾ ಹೊರುತ್ತಿದ್ದದ್ದು ಮೂರನೆಯದು ಮಾತ್ರ.

ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಚುಕ್ಕೆ ರೆಕ್ಕೆಯ ಸೊಳ್ಳೆಗಳಿಂದ ಕಚ್ಚಿಸಿದರು. ಒಂದು ಸೊಳ್ಳೆಗೆ ಒಂದಾಣೆ ಕೂಲಿ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆ ಗೋಡೆಯಲ್ಲಿ ಮಲೇರಿಯಾ ಜೀವಿಯ ಕಪ್ಪು ಬಣ್ಣದ ಕಣಗಳಿದ್ದ ಗುಂಡು ಕೋಶಗಳು ಕಂಡವು. ಆ ದಿನವನ್ನೇ ಈಗ ವಿಶ್ವ ಸೊಳ್ಳೆ ದಿನ ಎನ್ನುತ್ತಾರೆ. ಮುಂದಿನ ತಿಂಗಳೇ ರಾಜಸ್ಥಾನದ ಖೇರ್ವಾರಾಕ್ಕೆ ವರ್ಗ. ಸರ್ಕಾರಿ ನೌಕರಿ ಗೊತ್ತಿದ್ದವರಿಗೆ ಇದೂ ಅರ್ಥವಾಗುತ್ತದೆ. 1898ರಲ್ಲಿ ಕಲ್ಕತ್ತಾಕ್ಕೆ ಬಂದ ಮೇಲೆ ಹಕ್ಕಿಗಳ ಮಲೇರಿಯಾ ಹಿಡಿದು ಕೆಲಸ ಮುಂದುವರಿಸಿದರು. ಜುಲೈನಲ್ಲಿ ಪರಾವಲಂಬಿ ಜೀವಿ ಸೊಳ್ಳೆಯ ಜೊಲ್ಲು ಗ್ರಂಥಿಗೆ ಸೇರುವುದನ್ನು ಕಂಡರು. ಅಂದರೆ ಕಾಯಿಲೆ ಬರುವುದು ಸೊಳ್ಳೆ ಬಿದ್ದ ನೀರು ಕುಡಿದು ಅಲ್ಲ, ಸೊಳ್ಳೆ ಕಚ್ಚಿ.

ಈ ಕೆಲಸದಲ್ಲಿ ಜೊತೆಗಿದ್ದ ಮಹಮ್ಮದ್ ಬಕ್ಸ್‌ನಂಥ ಭಾರತೀಯ ಸಹಾಯಕರ ಹೆಸರು ಪ್ರಶಸ್ತಿ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಅಸ್ಸಾಮಿನ ತಪ್ಪು

ಕಲ್ಕತ್ತಾದ ಗೆಲುವಿನ ಬೆನ್ನಿಗೇ ರಾಸ್ ಅವರನ್ನು ಅಸ್ಸಾಮಿಗೆ ಕಳಿಸಿದರು. ಅಲ್ಲಿ ಕಾಲಾ ಆಜಾರ್ ಹಳ್ಳಿಹಳ್ಳಿಗಳನ್ನು ಬರಿದು ಮಾಡುತ್ತಿತ್ತು. ತಿಂಗಳುಗಟ್ಟಲೆ ಬಿಡದ ಜ್ವರ, ಉಬ್ಬಿದ ಹೊಟ್ಟೆ, ಊದಿದ ಗುಲ್ಮ, ರಕ್ತಹೀನತೆ, ಕಪ್ಪಾಗುವ ಚರ್ಮ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಇದಕ್ಕೆ ನಾಟುತ್ತಿರಲಿಲ್ಲ.

ಇದು ಯಾವ ಕಾಯಿಲೆ ಎಂದು ಹುಡುಕಲು ಹೋದವರಲ್ಲಿ ರಾಸ್ ಮೊದಲಿಗರಲ್ಲ. ಗೈಲ್ಸ್ ಎಂಬ ವೈದ್ಯರು ರೋಗಿಗಳ ಹೊಟ್ಟೆಯಲ್ಲಿ ಕೊಕ್ಕೆ ಹುಳು ನೋಡಿ, ಇದು ಕೊಕ್ಕೆ ಹುಳುವಿನಿಂದಲೇ ಬಂದದ್ದು ಎಂದರು. ಕೊಕ್ಕೆ ಹುಳು ಇದ್ದದ್ದು ನಿಜ. ಆದರೆ ಅದು ಆ ಭಾಗದ ಆರೋಗ್ಯವಂತರ ಹೊಟ್ಟೆಯಲ್ಲೂ ಇತ್ತು. ಆಮೇಲೆ ಬಂದ ಲಿಯೊನಾರ್ಡ್ ರೋಜರ್ಸ್, ಇದು ಮಲೇರಿಯಾದ ಉಗ್ರ ರೂಪ ಎಂದರು. ರಾಸ್ 1899ರ ವರದಿಯಲ್ಲಿ ಹೆಚ್ಚುಕಡಿಮೆ ಅದನ್ನೇ ಒಪ್ಪಿದರು. ಮೊದಲು ಮಲೇರಿಯಾ ಬರುತ್ತದೆ, ಅದೇ ಮುಂದುವರಿದು ಹೀಗಾಗುತ್ತದೆ ಎಂದು.

ನಮ್ಮ ವಾಟ್ಸಾಪ್ ಮೆಸೇಜಿನ ಭಾಷೆಯಲ್ಲಿ ಹೇಳುವುದಾದರೆ, ಮಲೇರಿಯಾ ಕಾಲಾ ಆಜಾರ್‌ಗೆ ತಿರುಗಿತು!

ರಾಸ್ ದಡ್ಡರಾಗಿರಲಿಲ್ಲ. ಆ ನೆಲ ಹಾಗಿತ್ತು. ಅಸ್ಸಾಮಿನ ಅದೇ ಹಳ್ಳಿಯಲ್ಲಿ ಮಲೇರಿಯಾ, ಕೊಕ್ಕೆ ಹುಳು, ಕಾಲಾ ಆಜಾರ್ ಮೂರೂ ಇದ್ದವು. ಒಬ್ಬನೇ ಮನುಷ್ಯನ ಮೈಯಲ್ಲಿ ಎರಡೋ ಮೂರೋ ಒಟ್ಟಿಗೆ ಇರುತ್ತಿದ್ದವು. ರಕ್ತ ನೋಡಿದರೆ ಮಲೇರಿಯಾ ಜೀವಿ ಸಿಗುತ್ತಿತ್ತು. ಹುಡುಕುತ್ತಿದ್ದದ್ದು ಸಿಕ್ಕಾಗ ಹುಡುಕಾಟ ನಿಲ್ಲಿಸುವುದು ಯಾರಿಗಾದರೂ ಸಹಜ. ಮಲೇರಿಯಾ ಬಗ್ಗೆ ಜಗತ್ತಿನಲ್ಲೇ ಹೆಚ್ಚು ತಿಳಿದವರಿಗಂತೂ ಎಲ್ಲೆಲ್ಲೂ ಮಲೇರಿಯಾವೇ ಕಾಣುವುದು ಇನ್ನೂ ಸಹಜ.

ನಿಜವಾದ ಕಾರಣ ಸಿಕ್ಕಿದ್ದು 1903ರಲ್ಲಿ. ಲಂಡನ್ನಿನಿಂದ ವಿಲಿಯಂ ಲೀಶ್‌ಮನ್, ಮದ್ರಾಸಿನಿಂದ ಚಾರ್ಲ್ಸ್ ಡೊನೊವಾನ್, ಬೇರೆ ಬೇರೆಯಾಗಿ, ರೋಗಿಗಳ ಗುಲ್ಮದಲ್ಲಿ ಹೊಸದೊಂದು ಜೀವಿಯನ್ನು ಕಂಡು ಪ್ರಕಟಿಸಿದರು. ಅದು ಮಲೇರಿಯಾ ಜೀವಿ ಅಲ್ಲವೇ ಅಲ್ಲ. ಆ ಹೊಸ ಜೀವಿಗೆ ಇಬ್ಬರ ಹೆಸರೂ ಸೇರಿಸಿ ಲೀಶ್ಮೇನಿಯಾ ಡೊನೊವಾನಿ ಎಂದು ಅದೇ ವರ್ಷ ನಾಮಕರಣ ಮಾಡಿದವರು ರೊನಾಲ್ಡ್ ರಾಸ್. ನಾಲ್ಕು ವರ್ಷದ ಹಿಂದಿನ ಅವರದೇ ವರದಿ ಇದರಿಂದ ಬಿದ್ದುಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಜಗಳಗಂಟರೆಂದು ಹೆಸರಾದ ಮನುಷ್ಯನ ಬದುಕಿನಲ್ಲಿ ನಮಗೆ ತುಂಬ ಇಷ್ಟವಾದ ಘಟನೆ ಇದು.

ಕಾಲಾ ಆಜಾರ್ ಹರಡುವುದು ಸೊಳ್ಳೆಯೂ ಅಲ್ಲ, ಮರಳು ನೊಣ. ಅದನ್ನು ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಸಾಬೀತು ಮಾಡಿದ್ದು 1942ರಲ್ಲಿ.

ಹೀಗೆ ಒಂದರ ನೆರಳಲ್ಲಿ ಇನ್ನೊಂದು ಬಚ್ಚಿಟ್ಟುಕೊಂಡದ್ದು ನಮ್ಮ ರಾಜ್ಯದಲ್ಲೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದಾಗ, ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂದು ವಿಜ್ಞಾನಿಗಳು ಗಾಬರಿಯಾಗಿದ್ದರು. ನೋಡಿದರೆ ಉಣ್ಣೆ ಹರಡುವ ಹೊಸ ವೈರಸ್. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ.

ಗುಬ್ಬಿಯ ತೋಟ, ಕುಣಿಗಲ್‌ನ ಡ್ರಮ್ಮು

ಈಗ ತುಮಕೂರಿಗೆ ಬರೋಣ. ನಲ್ಲಿ ನೀರು ದಿನಾ ಬರದ ಬಡಾವಣೆಗಳಲ್ಲಿ ಸಂಪು, ಡ್ರಮ್ಮು, ಸಿಮೆಂಟ್ ತೊಟ್ಟಿ ತುಂಬಿಡದೆ ವಿಧಿಯಿಲ್ಲ. ಮುಚ್ಚಳ ಸರಿಯಿಲ್ಲದ ಇಂಥ ಚೊಕ್ಕಟ ನೀರಿನಲ್ಲೇ ಪಟ್ಟೆ ಸೊಳ್ಳೆ ಮೊಟ್ಟೆಯಿಡುವುದು. ಗುಬ್ಬಿ ಕಡೆಯ ತೋಟಗಳಲ್ಲಿ ಬಿದ್ದ ತೆಂಗಿನ ಚಿಪ್ಪು, ಅಡಕೆ ಹಾಳೆಯಲ್ಲಿ ಮಳೆನೀರು ನಿಂತರೆ ಅಲ್ಲೂ ಅದರದೇ ಬಳಗ. ಚುಕ್ಕೆ ರೆಕ್ಕೆಯ ಸೊಳ್ಳೆಗಳಲ್ಲಿ ಒಂದು ಜಾತಿಗೆ ಬಾವಿ, ಓವರ್‌ಹೆಡ್ ಟ್ಯಾಂಕ್ ಇಷ್ಟ. ಇನ್ನೊಂದಕ್ಕೆ ಕಾಲುವೆ ಬದಿ, ಹೊಲದ ಹೊಂಡ. ಕೆಸರು ಚರಂಡಿ ಬೂದು ಸೊಳ್ಳೆಯದು. ಇಲಿ ಮೂತ್ರ ಬೆರೆತ ಗದ್ದೆ ನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿಜ್ವರ, ಕೊಳಕು ಸೇರಿದ ಕುಡಿಯುವ ನೀರಿನಿಂದ ಟೈಫಾಯ್ಡ್. ಇವೆಲ್ಲ ಎದ್ದೇಳುವುದು ಮಳೆ ಬಿದ್ದ ಅದೇ ಎರಡು ಮೂರು ತಿಂಗಳಲ್ಲಿ, ಎಲ್ಲದರ ಮೊದಲ ಗುರುತೂ ಜ್ವರ ಮತ್ತು ತಲೆನೋವು. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಚಿಕೂನ್‌ಗುನ್ಯಾ ಪ್ರಕರಣ ದಾಖಲಾದವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ಆ ವರ್ಷ ಗಂಟು ಹಿಡಿದುಕೊಂಡು ನಡೆದವರು ನಿಮ್ಮ ಮನೆಯಲ್ಲೂ ಇದ್ದಿರಬಹುದು.

ಮಲೇರಿಯಾ ಬರುವುದು ಪರಾವಲಂಬಿ ಜೀವಿಯಿಂದ, ಟೈಫಾಯ್ಡ್ ಬ್ಯಾಕ್ಟೀರಿಯಾದಿಂದ, ಡೆಂಗಿ ವೈರಸ್‌ನಿಂದ. ರಾಗಿ ಬಿತ್ತಿದರೆ ಜೋಳ ಬೆಳೆಯುವುದಿಲ್ಲ, ಹಾಗೆ ಒಂದು ಇನ್ನೊಂದಾಗುವುದಿಲ್ಲ. ಎರಡು ಒಟ್ಟಿಗೆ ಒಬ್ಬರಿಗೇ ಬರಬಹುದು, ಒಂದು ವಾಸಿಯಾದ ಮೇಲೆ ಇನ್ನೊಂದು ಬರಬಹುದು. ಆದರೆ ‘ತಿರುಗಿತು’ ಎಂದು ನಾವು ಹೇಳುವ ಬಹುಪಾಲು ಸಂದರ್ಭದಲ್ಲಿ ಆದದ್ದು ಬೇರೆ: ಮೊದಲ ಪರೀಕ್ಷೆ ದಾರಿ ತಪ್ಪಿಸಿರುತ್ತದೆ.

ವೈಡಾಲ್ ವಿಷಯಕ್ಕೆ ಬಂದರೆ, ಅದು ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ನೇರವಾಗಿ ಹುಡುಕುವುದಿಲ್ಲ. ಅದರ ವಿರುದ್ಧ ನಮ್ಮ ಮೈ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಹಿಂದೆ ಎಂದೋ ಟೈಫಾಯ್ಡ್ ಬಂದಿದ್ದರೆ, ಲಸಿಕೆ ಹಾಕಿಸಿದ್ದರೆ, ಮಲೇರಿಯಾ ಅಥವಾ ಇನ್ನಾವುದೋ ಜ್ವರ ಇದ್ದರೂ ಅದು ಪಾಸಿಟಿವ್ ತೋರಿಸಬಹುದು. ಜ್ವರದ ಮೊದಲ ವಾರದಲ್ಲಿ ಅದಕ್ಕೆ ಹೆಚ್ಚು ಬೆಲೆಯೂ ಇಲ್ಲ. ಆ ವಾರದಲ್ಲಿ ಟೈಫಾಯ್ಡ್ ಹಿಡಿಯಲು ಬ್ಲಡ್ ಕಲ್ಚರ್ ಹೆಚ್ಚು ನಂಬಿಕಸ್ಥ. ಡೆಂಗಿಯ ಎನ್‌ಎಸ್‌1 ಪರೀಕ್ಷೆ ಇದಕ್ಕೆ ತಿರುಗಾಮುರುಗಾ, ಮೊದಲ ಐದು ದಿನ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಐಜಿಎಂ ಪರೀಕ್ಷೆ ಬೇಕು. ಅತ್ತೆಗೆ ಎರಡನೇ ದಿನ ವೈಡಾಲ್ ಮಾಡಿದ್ದರು, ಎನ್‌ಎಸ್‌1 ಮಾಡಿರಲಿಲ್ಲ. ಗೈಲ್ಸ್‌ಗೆ ಕೊಕ್ಕೆ ಹುಳು ಸಿಕ್ಕ ಹಾಗೆ ಇಲ್ಲೂ ಏನೋ ಒಂದು ಸಿಕ್ಕಿತು, ಹುಡುಕಾಟ ನಿಂತಿತು. ಡೆಂಗಿ ಇರಬಹುದಾದ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವ ಹೆಚ್ಚಬಹುದು. ಪ್ಯಾರಾಸಿಟಮಾಲ್ ಸಾಕು. ಮಲೇರಿಯಾ ರಕ್ತಲೇಪನ ಪರೀಕ್ಷೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಒಮ್ಮೆ ನೆಗೆಟಿವ್ ಬಂದು ಜ್ವರ ಬಿಡದಿದ್ದರೆ ಮತ್ತೆ ಮಾಡಿಸಬೇಕು.

ಕೊನೆಯ ವರ್ಷಗಳು

1899ರಲ್ಲಿ ರಾಸ್ ಭಾರತ ಬಿಟ್ಟು ಲಿವರ್‌ಪೂಲ್‌ಗೆ ಪಾಠ ಮಾಡಲು ಹೋದರು. 1902ರಲ್ಲಿ ನೊಬೆಲ್ ಬಂತು. ಬ್ರಿಟನ್ನಿಗೆ ಸಿಕ್ಕ ಮೊದಲ ವೈದ್ಯಕೀಯ ನೊಬೆಲ್ ಅದು. ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್‌ನಲ್ಲಿ ಪೂರ್ತಿ ತೋರಿಸಿದ ಇಟಲಿಯ ಗ್ರಾಸ್ಸಿ ಜೊತೆ ಯಾರು ಮೊದಲು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಗುರು ಮ್ಯಾನ್ಸನ್ ಜೊತೆಗೂ ಕೋರ್ಟಿನ ಮಾತು ಬಂತು. ಈ ಜಗಳಗಳ ನಡುವೆಯೇ ಅವರು ಬಾಲ್ಯದ ಗಣಿತವನ್ನು ಮತ್ತೆ ಕೈಗೆತ್ತಿಕೊಂಡರು. ಮಲೇರಿಯಾ ನಿಲ್ಲಲು ಒಂದೊಂದು ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಕಾಯಿಲೆ ತಾನೇ ಸೊರಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಇಂದಿಗೂ ಸಾಂಕ್ರಾಮಿಕ ರೋಗಗಳ ಗಣಿತ ಇಲ್ಲಿಂದಲೇ ಶುರುವಾಗುತ್ತದೆ. ಕೊರೊನಾ ಕಾಲದಲ್ಲಿ ಟಿವಿಯಲ್ಲಿ ಏರಿಳಿಯುತ್ತಿದ್ದ ಗೆರೆಗಳ ವಂಶದ ಹಿರಿಯರು ಇವರು.

ರಾಸ್ ತೀರಿಕೊಂಡದ್ದು 1932ರ ಸೆಪ್ಟೆಂಬರ್ 16ರಂದು, ಲಂಡನ್ನಿನಲ್ಲಿ. ಮರಳು ನೊಣದ ಸುದ್ದಿ ಕೇಳಲು ಅವರಿರಲಿಲ್ಲ.

ಕುಣಿಗಲ್‌ನ ಅತ್ತೆಗೆ ಈ ಕಥೆಯನ್ನು ಫೋನಿನಲ್ಲಿ ಹೇಳಿದೆವು. ಪೀಪಾಯಿ ಭಾಗ ಅವರಿಗೆ ಹಿಡಿಸಿತು, ಅಸ್ಸಾಮಿನದು ಉದ್ದವಾಯಿತೆಂದರು. ಈ ಸಲ ಮೊಮ್ಮಗನಿಗೆ ಜ್ವರ ಬಂದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲ ದಿನಕ್ಕೆ ಪೆನ್ನಿನಿಂದ ಸುತ್ತು ಹಾಕಿ, ಡಾಕ್ಟರ ಹತ್ತಿರ ಇವತ್ತು ಮೂರನೇ ದಿನ ಎಂದು ಸರಿಯಾಗಿ ಹೇಳಿದರಂತೆ. ಹುಡುಗನಿಗೆ ಬರೀ ಶೀತದ ಜ್ವರ, ಐದನೇ ದಿನಕ್ಕೆ ಶಾಲೆಗೆ ಹೋದ.